ಕ್ಯಾಟಲಿಸಿಸ್‌ನಲ್ಲಿ ಪಿಎಚ್‌ಡಿ: ಸರಕಾರಿ ಲ್ಯಾಬಿನಲ್ಲಿ ದಿನವಿಡೀ ಏನು ಕೆಲಸ?

ಪೆರ್ಲದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಈಗ ಕೆಮಿಸ್ಟ್ರಿ ಎಂಎಸ್ಸಿ ಮುಗಿದಿದೆ, ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದೆ. ಪುಣೆಯ ಸರಕಾರಿ ರಸಾಯನ ಪ್ರಯೋಗಾಲಯ ಎನ್‌ಸಿಎಲ್‌ನಲ್ಲಿ ಕ್ಯಾಟಲಿಸಿಸ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಬೇಗ ಮಾಡಿಸುವ ಕ್ಯಾಟಲಿಸ್ಟ್‌ಗಳ ಬಗ್ಗೆ, ಪಿಎಚ್‌ಡಿ ಮಾಡಬೇಕೆಂದು ಆಸೆ. ಮಂಗಳೂರಿನಲ್ಲಿ ಕಂಪನಿ ಕೆಲಸವೂ ಒಂದು ಸಿಗುವ ಹಾಗಿದೆ. ಅಪ್ಪನಿಗೆ ಅಡಿಕೆ ತೋಟ. ಅವರು ಕೇಳುವುದು ಒಂದೇ: "ಐದು ವರ್ಷ ಅಲ್ಲಿ ಕೂತು ಮಾಡಿದ್ದು ಕಾಗದದಲ್ಲೇ ಉಳಿಯುತ್ತದೆ ಅಲ್ವಾ?" ಒಳಗೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಕುಂಬಳೆಯ ಮೇಷ್ಟ್ರು:
ಹೋಗಿ ಬನ್ನಿ. ನಾನು ಮಕ್ಕಳಿಗೆ ಹೇಳುವುದು, ಕ್ಯಾಟಲಿಸ್ಟ್ ಅಂದರೆ ಹಾಲಿಗೆ ಹಾಕುವ ಹೆಪ್ಪಿನ ಹಾಗೆ, ಚೂರು ಹಾಕಿದರೆ ಸಾಕು. ಅಪ್ಪನಿಗೂ ಹಾಗೇ ಹೇಳಿ.

ನೀರ್ಚಾಲಿನವ:
ಮೇಷ್ಟ್ರೇ, ಹೆಪ್ಪು ಇಲ್ಲಿ ಪೂರ್ತಿ ಹೊಂದುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನಲ್ಲಿ ಬೆಳೆಯುತ್ತದೆ. ಕ್ಯಾಟಲಿಸ್ಟ್ ಬೆಳೆಯುವುದಿಲ್ಲ. ಹಾಕಿದಷ್ಟೇ ಇರುತ್ತದೆ, ಅದೇ ದಿನಾ ದುಡಿಯಬೇಕು. ದುಡಿದು ದುಡಿದು ದಣಿಯುತ್ತದೆ. ಆ ದಣಿವನ್ನು ಅಳೆಯುವುದೇ ದೊಡ್ಡ ಕೆಲಸ.

ಮಗಳೇ, ನಾನು ಒಂದು ಸರಕಾರಿ ಲ್ಯಾಬಿನಲ್ಲಿ 31 ವರ್ಷ ತಾಂತ್ರಿಕ ಸಿಬ್ಬಂದಿಯಾಗಿದ್ದೆ. ನಮ್ಮ ರಿಯಾಕ್ಟರ್ ಅಂದರೆ ಬೆರಳು ದಪ್ಪದ ಒಂದು ಸ್ಟೀಲ್ ಕೊಳವೆ. ಒಳಗೆ ಎರಡು ಗ್ರಾಂ ಕ್ಯಾಟಲಿಸ್ಟ್ (ಝಿಯೋಲೈಟ್ ಎಂಬ, ಒಳಗೆಲ್ಲಾ ಅತಿ ಸಣ್ಣ ರಂಧ್ರಗಳಿರುವ ಪುಡಿ), ಮೇಲೆ ಕೆಳಗೆ ಕ್ವಾರ್ಟ್ಜ್ ಹತ್ತಿ, ಸುತ್ತ ಕುಲುಮೆ. ಗ್ಯಾಸ್ ಸೋರುತ್ತದಾ ಅಂತ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ನೋಡಬೇಕು. ಆಮೇಲೆ ಗಂಟೆಗೊಮ್ಮೆ ಹೊರಬಂದದ್ದನ್ನು ಜಿಸಿಗೆ, ಅಂದರೆ ಅದರಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಯಂತ್ರಕ್ಕೆ, ಕೊಡುವುದು. ಹಗಲೂ ರಾತ್ರಿ. ಮೊದಲ ದಿನ ಎಲ್ಲಾ ಕ್ಯಾಟಲಿಸ್ಟೂ ಚೆನ್ನಾಗಿಯೇ ಕಾಣುತ್ತದೆ. ಇಪ್ಪತ್ತನೇ ದಿನ ಹೇಗಿದೆ ಎನ್ನುವುದೇ ಪ್ರಶ್ನೆ.

ಒಮ್ಮೆ ಹತ್ತೊಂಬತ್ತನೇ ದಿನ ರಾತ್ರಿ ಕರೆಂಟ್ ಹೋಯಿತು. ಜನರೇಟರ್ ಹತ್ತಲಿಲ್ಲ. ಅದರ ರಿಪೇರಿಯ ಫೈಲು ಮೂರು ತಿಂಗಳಿಂದ ಮೇಜಿಂದ ಮೇಜಿಗೆ ಓಡಾಡುತ್ತಿತ್ತು. ಇಡೀ ಪ್ರಯೋಗ ಮತ್ತೆ ಮೊದಲಿಂದ. ನನ್ನ ಜೊತೆಗಿದ್ದ ವಿದ್ಯಾರ್ಥಿ ಮೆಟ್ಟಿಲಲ್ಲಿ ಕೂತು ಅತ್ತ. ಅಂಥ ರಾತ್ರಿ ನಿನಗೂ ಬರುತ್ತದೆ, ಗೊತ್ತಿದ್ದೇ ಹೋಗು.

ಅಪ್ಪನ ಪ್ರಶ್ನೆಗೆ ಬರುತ್ತೇನೆ. ಎನ್‌ಸಿಎಲ್‌ನಲ್ಲಿ ಪಾಲ್ ರತ್ನಸಾಮಿ ಅವರ ತಂಡ ಎನ್ಸಿಲೈಟ್ ಎಂಬ ಝಿಯೋಲೈಟ್ ಕ್ಯಾಟಲಿಸ್ಟ್ ಮಾಡಿತು. 1980ರ ದಶಕದಲ್ಲಿ ಅದು ಬರೋಡಾದ ಐಪಿಸಿಎಲ್ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ಓಡಿತು. ಕೆಲಸ ಏನಂದರೆ, ಕ್ಸೈಲೀನ್ ಎಂಬ ರಾಸಾಯನಿಕ ದ್ರವದ ಬೇರೆ ಬಗೆಗಳನ್ನು ಪಾರಾ ಕ್ಸೈಲೀನ್ ಎಂಬ ಬಗೆಯಾಗಿ ಮಾಡುವುದು. ಪಾಲಿಯೆಸ್ಟರ್ ನೂಲು ಬರುವುದು ಅದರಿಂದಲೇ. ಇನ್ನೊಂದು, 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಒಂದು ವಿಮಾನ ಹಾರಿತು. ಅದರ ಇಂಧನದಲ್ಲಿ ಸ್ವಲ್ಪ ಪಾಲು ಕಾಡುಹರಳಿನ ಎಣ್ಣೆಯಿಂದ ಮಾಡಿದ್ದು. ಡೆಹ್ರಾಡೂನ್‌ನ ಸರಕಾರಿ ಪೆಟ್ರೋಲಿಯಂ ಸಂಸ್ಥೆ, ಐಐಪಿ, ಆ ಎಣ್ಣೆಯನ್ನು ಹೈಡ್ರೋಜನ್ ಜೊತೆ ಕ್ಯಾಟಲಿಸ್ಟ್ ಮೇಲೆ ಹಾಯಿಸಿ ಜೆಟ್ ಇಂಧನ ಮಾಡಿತ್ತು. ಬೇಲಿಗೆ ನೆಡುವ ಅದೇ ಕಾಡುಹರಳು. ಅಪ್ಪನಿಗೆ ಇದನ್ನು ಹೇಳು.

ಎಲ್ಲವೂ ಹಾಗೆ ಕಾರ್ಖಾನೆ ತಲುಪುವುದಿಲ್ಲ, ಅದೂ ನಿಜ. ಎರಡು ಗ್ರಾಂನಲ್ಲಿ ಸರಿ ಹೋದದ್ದು ಎರಡು ಕಿಲೋದಲ್ಲಿ ಕೈಕೊಡುತ್ತದೆ. ಪುಡಿಯನ್ನು ಗುಳಿಗೆ ಮಾಡಬೇಕು, ಗುಳಿಗೆ ಒಡೆಯಬಾರದು, ಒಳಗೆ ಬಿಸಿ ಒಂದೇ ಕಡೆ ಸೇರಬಾರದು. ಪೇಪರ್ ಬರೆದು ಅಲ್ಲಿಗೇ ನಿಲ್ಲಿಸುವವರ ಕಡೆ ಸೇರಬೇಡ. ಗೈಡ್ ಆರಿಸುವ ಮುಂಚೆ ಅವರ ಹಳೇ ವಿದ್ಯಾರ್ಥಿಗಳ ಹತ್ತಿರ ಕೇಳು: ಜಿಸಿ ನಡೆಯುತ್ತಿದೆಯಾ, ಸಿಲಿಂಡರ್ ಖಾಲಿಯಾದರೆ ಎಷ್ಟು ದಿನಕ್ಕೆ ಬರುತ್ತದೆ.

ಬದಿಯಡ್ಕದ ಅಕ್ಕ:
ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷದ ನಂತರ ಹಿರಿಯ ಫೆಲೋ, ಎಸ್‌ಆರ್‌ಎಫ್, ಆದರೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಕೆಲವು ಸಲ ತಿಂಗಳುಗಟ್ಟಲೆ ತಡವಾಗುತ್ತದೆ. ಕೈಯಲ್ಲಿ ಸ್ವಲ್ಪ ಇಟ್ಟುಕೊಂಡೇ ಹೋಗಿ.

ಪೆರ್ಲದ ಹುಡುಗಿ:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕಾಡುಹರಳು ಅಂದಾಗ ಎದ್ದು ಕೂತರು. ಆಮೇಲೆ ಕೇಳಿದರು, "ದಣಿದ ಕ್ಯಾಟಲಿಸ್ಟನ್ನು ಬಿಸಾಡುತ್ತಾರಾ?"

ನೀರ್ಚಾಲಿನವ:
ಇಲ್ಲ ಅಂತ ಹೇಳು. ಝಿಯೋಲೈಟ್ ಬಿಳಿ ಗುಳಿಗೆ, ಮಸಿ ಹಿಡಿದು ಕಪ್ಪಾಗುತ್ತದೆ. ಸುಮಾರು 500 ಡಿಗ್ರಿಯಲ್ಲಿ ಗಾಳಿ ಬಿಟ್ಟರೆ ಮಸಿ ಉರಿದು ಮತ್ತೆ ಬಿಳಿಯಾಗುತ್ತದೆ. ಒಮ್ಮೆಲೇ ಬಿಟ್ಟರೆ ಬಿಸಿ ಏರಿ ಸತ್ತೇ ಹೋಗುತ್ತದೆ. ಅದಕ್ಕೆ ಮೊದಲು ನೈಟ್ರೋಜನ್ ಜಾಸ್ತಿ, ಆಕ್ಸಿಜನ್ ಚೂರು ಚೂರೇ. ಕುಲುಮೆ ಬಿಟ್ಟು ಏಳಬಾರದು.