ಸಹಾಯ ಬೇಕು: ಉಣ್ಣೆಗೆ ಮಂಜಿಷ್ಠದ ಬೇರಿನ ಕೆಂಪು ಬಣ್ಣ ಸಮನಾಗಿ ಹಿಡಿಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವಳು. ಬಿಳಿ ಕುರಿ ಉಣ್ಣೆ ತರಿಸಿ ಮನೆಯಲ್ಲೇ ಬಣ್ಣ ಹಾಕುತ್ತಿದ್ದೇನೆ. ಅಂಟುವಾಳದ ನೀರಲ್ಲಿ ಎರಡು ಸಲ ತೊಳೆದೆ. ಬಣ್ಣ ಕಚ್ಚಿಕೊಳ್ಳಲಿ ಅಂತ ಕಿಲೋ ಉಣ್ಣೆಗೆ 150 ಗ್ರಾಂ ಪಟಿಕ ಹಾಕಿ, ಕುದಿ ಬರಿಸದೆ ಒಂದು ಗಂಟೆ ಕಾಯಿಸಿದೆ. ಆಮೇಲೆ ಮಂಜಿಷ್ಠ. ಉಣ್ಣೆ ಎಳೆಗಳ ತುದಿ ಚೆನ್ನಾಗಿ ಕೆಂಪಾಗಿದೆ, ಬುಡ ಮಾತ್ರ ಪೇಲವ. ಬೆರಳಲ್ಲಿ ಉಜ್ಜಿದರೆ ಅಲ್ಲಿ ಇನ್ನೂ ಜಿಡ್ಡು. ಅದೇ ಕಾರಣ ಇರಬೇಕು, ಅಲ್ವಾ?

ಜಿಡ್ಡು ತೆಗೆಯಲು ವಾಷಿಂಗ್ ಸೋಡಾ ಹಾಕೋಣ ಅಂದರೆ, ಅದು ಜಾಸ್ತಿಯಾದರೆ ಉಣ್ಣೆಯೇ ಹಾಳು. ಒಬ್ಬರು ಪಟಿಕದ ಬದಲು ಕ್ರೋಮ್ (ಬಣ್ಣ ಕಚ್ಚಿಸುವ ವಿಷಕಾರಿ ರಾಸಾಯನಿಕ) ಹಾಕಿ ಅಂದರು. ನಮ್ಮ ಬಣ್ಣದ ನೀರು ಕೊನೆಗೆ ನಾಲೆ ಸೇರುತ್ತದೆ, ದನಗಳು ಅದನ್ನೇ ಕುಡಿಯುತ್ತವೆ. ಖಂಡಿತ ಬೇಡ.

ಉಣ್ಣೆ ಗಂಟುಕಟ್ಟದ ಹಾಗೆ ಜಿಡ್ಡು ಬಿಡಿಸಲು ಅಂಟುವಾಳದ ನೀರು ಎಷ್ಟು ಬಿಸಿ ಇರಬೇಕು? ಪಟಿಕಕ್ಕೆ ಮೊದಲು ಅಳಲೆಕಾಯಿ ಕಷಾಯದಲ್ಲಿ ನೆನೆಸಿದವರು ಇದ್ದೀರಾ? ಕೆಂಪು ಮಾಸಿತಾ? ಮೈಸೂರು, ಮಂಡ್ಯ ಸುತ್ತ ಯಾರಾದರೂ ಮಾಡುತ್ತಿದ್ದರೆ ದಯವಿಟ್ಟು ತಿಳಿಸಿ, ಉಣ್ಣೆ ತಂದು ತೋರಿಸುತ್ತೇನೆ.