ಹುಲ್ಲಿನಿಂದ ಹುಲಿಗೆ: ಉಳಿದ ಶೇ. 90 ಶಕ್ತಿ ಎಲ್ಲಿ ಹೋಗುತ್ತೆ?

ಪ್ರಶ್ನೆ: ಪಿಯು ಮಕ್ಕಳಿಗೆ ಶೇ. 10ರ ನಿಯಮ ಹೇಳಿಕೊಡಬೇಕು, ಅಂದ್ರೆ ಆಹಾರ ಸರಪಳಿಯ ಒಂದು ಹಂತದಿಂದ ಮುಂದಿನದಕ್ಕೆ ಸುಮಾರು ಶೇ. 10 ಶಕ್ತಿ ಮಾತ್ರ ದಾಟುತ್ತೆ ಅನ್ನೋದು. ಬಂಡೀಪುರದ ಹುಲ್ಲು, ಜಿಂಕೆ, ಹುಲಿ ತಗೊಂಡಿದ್ದೀನಿ. ಉಳಿದ ಶೇ. 90 ಗೊಬ್ಬರವಾಗಿ ವಾಪಸ್ ಹುಲ್ಲಿಗೇ ಬರುತ್ತಾ?

ಉತ್ತರ 1: ಇಲ್ಲ ಮೇಡಂ, ಇಲ್ಲೇ ಮಕ್ಕಳು ಎಡವೋದು. ವಾಪಸ್ ಬರೋದು ಸಾರಜನಕ, ರಂಜಕದಂಥ ಪೋಷಕಾಂಶ, ಶಕ್ತಿ ಬರಲ್ಲ. ಹುಲ್ಲಿನ ಹೆಚ್ಚಿನ ಪಾಲು ಜಿಂಕೆಯ ಬಾಯಿಗೇ ಬೀಳದೆ ಒಣಗಿ ಗೆದ್ದಲು, ಶಿಲೀಂಧ್ರಗಳ ಪಾಲಾಗುತ್ತೆ. ತಿಂದದ್ದರಲ್ಲೂ ಅರಗದ ನಾರು ಹಿಕ್ಕೆಯಾಗಿ ಬೀಳುತ್ತೆ. ಒಣಗಿದ ಹಿಕ್ಕೆ ಒಡೆದು ತೋರಿಸಿ, ಸಣ್ಣ ಸಣ್ಣ ಎಳೆ ಕಣ್ಣಿಗೇ ಕಾಣುತ್ತೆ. ಅರಗಿದ್ದರ ಬಹುಪಾಲು ಉಸಿರಾಟದಲ್ಲಿ ಖರ್ಚಾಗಿ ಶಾಖವಾಗಿ ಹೋಗುತ್ತೆ.

ಉತ್ತರ 2: ಶೇ. 10 ಬರೀ ಸರಾಸರಿ. 1942ರಲ್ಲಿ ಪರಿಸರ ವಿಜ್ಞಾನಿ ಲಿಂಡೆಮನ್ ಪ್ರಕಟಿಸಿದ ಲೆಕ್ಕ ಅಮೆರಿಕದ ಕೆರೆಯೊಂದರದ್ದು. ಬಿಸಿರಕ್ತದ ಪ್ರಾಣಿಗಳಲ್ಲಿ ಅರಗಿದ್ದರ ಶೇ. 1–3 ಮಾತ್ರ ಮೈಗೆ ಹತ್ತುತ್ತೆ. ಕೀಟಗಳಲ್ಲಿ ಇದು ಎಷ್ಟೋ ಪಟ್ಟು ಹೆಚ್ಚು. ಅದಕ್ಕೇ ವರ್ಷಕ್ಕೆ ಸುಮಾರು 50 ಪ್ರಾಣಿ ಹಿಡಿಯೋ ಒಂದು ಹುಲಿಗೆ, ಮಂದೆ ಕರಗದಿರಬೇಕಾದರೆ, ಕಾಡಿನಲ್ಲಿ 500ರಷ್ಟು ಬೇಟೆ ಪ್ರಾಣಿ ಬೇಕು.

ಉತ್ತರ 3: ಬಂಡೀಪುರ ಅಂದ್ಮೇಲೆ ಲಂಟಾನ ಕಳೆಯ ವಿಷಯ ದಯವಿಟ್ಟು ಬಿಡಬೇಡಿ. ಬಿಸಿಲು ಅಷ್ಟೇ ಬಿದ್ದರೂ ಅದನ್ನು ಹಿಡಿಯೋದು ಜಿಂಕೆ ಹೆಚ್ಚಾಗಿ ಮುಟ್ಟದ ಈ ಪೊದೆ, ಅದರ ಬುಡದ ನೆರಳಲ್ಲಿ ಹುಲ್ಲು ಏಳಲ್ಲ. ಕಾಡು ಹಸಿರಾಗಿ ಕಂಡರೂ ಮೇವಿಲ್ಲ.