ಪದಚರ್ಚೆ: ಸಿನಿಮಾದ ‘ಮೋಟಿಫ್’ಗೆ ಕನ್ನಡದಲ್ಲಿ ಏನನ್ನೋಣ?

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಭಾನುವಾರ ಇಲ್ಲಿ ಕನ್ನಡ ನಿರ್ದೇಶಕರ ಬಗ್ಗೆ ಸಣ್ಣ ಕಾರ್ಯಕ್ರಮ ಇದೆ. ಬಾಗಿಲಿಗೆ ಹಾಕುವ ಫ್ಲೆಕ್ಸ್‌ಗೆ ಒಂದು ಪದ ಬೇಕು, ನಾಳೆ ಸಂಜೆ ಪ್ರಿಂಟಿಗೆ ಹೋಗುತ್ತೆ. ಚಿತ್ರದಲ್ಲಿ ಮತ್ತೆ ಮತ್ತೆ ಬರುವ ನೋಟಕ್ಕೆ, ಸದ್ದಿಗೆ ‘ಮೋಟಿಫ್’ ಅಂತಾರಲ್ಲ, ಅದಕ್ಕೆ. ‘ವಸ್ತು’ (ಕಥೆಯ ವಿಷಯ) ಅಂದರೆ ಆಗೋದಿಲ್ಲ. ನಿರ್ದೇಶಕ ಪುಟ್ಟಣ್ಣ ಕಣಗಾಲರ ‘ಗೆಜ್ಜೆ ಪೂಜೆ’ (1969), ‘ಶರಪಂಜರ’ (1971), ‘ರಂಗನಾಯಕಿ’ (1981) ಮೂರರಲ್ಲೂ ಸಮಾಜದ ಕಟ್ಟಿನಲ್ಲಿ ಸಿಕ್ಕಿಕೊಂಡ ಹೆಣ್ಣಿದ್ದಾಳೆ, ಅದು ವಸ್ತು. ‘ಚೋಮನ ದುಡಿ’ಯಲ್ಲಿ (1975) ಚೋಮ ಸಂಕಟ ತಡೆಯಲಾರದೆ ದುಡಿ ಅನ್ನೋ ಚರ್ಮವಾದ್ಯ ಬಡಿಯುತ್ತಾನಲ್ಲ, ಆ ಸದ್ದು ನಾನು ಕೇಳುತ್ತಿರುವುದು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ಬಿಡದೆ ಸುರಿಯುವ ಮಳೆಯೂ ಹಾಗೇ.

ಮೊದಲ ಉತ್ತರ:
ಜಾನಪದದವರು ಇದಕ್ಕೆ ‘ಆಶಯ’ ಅಂತ ಎಂದೋ ಬಳಸಿದ್ದಾರೆ. ಇರೋ ಪದ ಬಿಟ್ಟು ಹೊಸದು ಹುಡುಕಬೇಡಿ.

ಚಿತ್ರದುರ್ಗದಿಂದ:
ಆಶಯ ಪುಸ್ತಕದಲ್ಲಿ ಸರಿ ಸರ್, ಬಾಗಿಲಲ್ಲಿ ಸರಿಯಲ್ಲ. ‘ನಿರ್ದೇಶಕರ ಆಶಯ’ ಅಂತ ಓದಿದವರು ಅವರ ಆಸೆ, ಉದ್ದೇಶ ಅಂದುಕೊಳ್ಳುತ್ತಾರೆ. ಆಶಯ ಭಾಷಣ ಕೇಳಿ ಬೆಳೆದವರಲ್ವಾ ನಾವು?

ನನ್ನ ಪದ ‘ಪಲ್ಲವಿ’. ಪಲ್ಲವ ಅಂದರೆ ಚಿಗುರು. ಹಾಡಿನಲ್ಲಿ ಪಲ್ಲವಿಯ ಮಾತು ಬದಲಾಗೋದಿಲ್ಲ, ಆದರೆ ಒಂದೊಂದು ಚರಣ ಮುಗಿದ ಮೇಲೆ ಅದೇ ಸಾಲು ಬೇರೆ ಥರ ಕೇಳಿಸುತ್ತೆ. ಸಿನಿಮಾದಲ್ಲೂ ಆಗೋದು ಇದೇ. ನಮ್ಮೂರಿನಲ್ಲೇ ತೆಗೆದ ‘ನಾಗರಹಾವು’ (1972) ನೋಡಿ. ‘ಬಾರೆ ಬಾರೆ’ ಹಾಡಿನಲ್ಲಿ ರಾಮಾಚಾರಿ, ಅಲಮೇಲು ನಿಧಾನ ಚಲನೆಯಲ್ಲಿ ತೇಲಿಬರುವಾಗ ಕೋಟೆಯ ಬಂಡೆಗಳು ಪ್ರೀತಿಯ ಜಾಗ. ಓಬವ್ವನ ಹಾಡಿನಲ್ಲಿ ಅದೇ ಕೋಟೆ, ಅದೇ ಕಲ್ಲು. ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತ ಜಯಂತಿ. ಈಗ ಅದು ಕೆಚ್ಚಿನ ಜಾಗ. ಕೊನೆಯಲ್ಲಿ ಚಾಮಯ್ಯ ಮೇಷ್ಟ್ರು ಬಿದ್ದು ಸಾಯೋದೂ ಬೆಟ್ಟದಿಂದಲೇ, ಮಾರ್ಗರೆಟ್ ಜೊತೆ ರಾಮಾಚಾರಿ ಹಾರೋದೂ ಬೆಟ್ಟದಿಂದಲೇ. ಕಲ್ಲು ಬದಲಾಗಿಲ್ಲ, ನಮ್ಮ ಎದೆಯಲ್ಲಿ ಅದರ ಭಾರ ಬದಲಾಗಿದೆ. ಕೋಟೆಯನ್ನು ದಿನಾ ನೋಡುವ ನಮಗೂ ಪುಟ್ಟಣ್ಣ ಅದನ್ನು ಹೊಸದಾಗಿ ತೋರಿಸಿದರು. ಇಷ್ಟು ಕೆಲಸ ಮಾಡುವುದನ್ನು ‘ಪುನರಾವರ್ತನೆ’ ಅಂದುಬಿಟ್ಟರೆ ಅನ್ಯಾಯ.

ಇನ್ನೊಂದು ಉತ್ತರ:
ಪಲ್ಲವಿ ಸಂಸ್ಕೃತದ್ದು. ಇಂಗ್ಲಿಷ್ ಎರವಲು ಬೇಡ ಅಂತ ಸಂಸ್ಕೃತದ ಎರವಲು ತಂದರೆ ಕನ್ನಡಕ್ಕೆ ಸಿಕ್ಕಿದ್ದೇನು? ‘ಮರುಕಳಿಕೆ’ ಅನ್ನಿ. ಅಚ್ಚಗನ್ನಡ.

ಚಿತ್ರದುರ್ಗದಿಂದ:
ಮರುಕಳಿಸೋದು ಜ್ವರ ಸರ್. ಅಚ್ಚಗನ್ನಡ ಅನ್ನೋ ಒಂದೇ ಕಾರಣಕ್ಕೆ ಕಾಯಿಲೆಯ ಪದವನ್ನು ಕಲೆಗೆ ಹಚ್ಚಬೇಡಿ. ಮಾತಾಡುವ ಚಿತ್ರ ಕನ್ನಡಕ್ಕೆ ಬಂದಿದ್ದು 1934ರಲ್ಲಿ, ‘ಸತಿ ಸುಲೋಚನ’ದಿಂದ. ಅದಕ್ಕಿದ್ದ ‘ವಾಕ್ಚಿತ್ರ’ ಅನ್ನೋ ಪದ ಪುಸ್ತಕದಲ್ಲೇ ಉಳಿಯಿತು, ‘ಟಾಕೀಸು’ ಊರೂರಲ್ಲಿ ನಿಂತಿತು. ಟಾಕೀಸಿಗೆ, ಟಾಕೀಸಿನಲ್ಲಿ ಅಂತ ನಮ್ಮ ವಿಭಕ್ತಿ ಹಚ್ಚಿಕೊಂಡು ಓಡಾಡುತ್ತಿದೆ. ಅದನ್ನು ಇಂಗ್ಲಿಷ್ ಅಂತ ಯಾರು ಹೊರಗೆ ಹಾಕುತ್ತಾರೆ? ಪಲ್ಲವಿಯಂತೂ ಹಾಡು ಗುನುಗುವ ಎಲ್ಲರ ಬಾಯಲ್ಲೂ ಇದೆ.

ಇನ್ನೊಂದು ಉತ್ತರ:
ಟಾಕೀಸು ಬೇರೆ ದಾರಿ ಇಲ್ಲದೆ ಒಳಗೆ ಬಂದದ್ದು. ಇಲ್ಲಿ ನಾನು ಹೇಳಿದ ‘ಮರುಕಳಿಕೆ’ಯ ದಾರಿ ಇದೆ, ನೀವು ನಡೆಯುತ್ತಿಲ್ಲ. ನನ್ನ ಮಾತು ಮುಗಿಯಿತು.

ದಾವಣಗೆರೆಯಿಂದ:
ಎಲ್ಲರಿಗೂ ಧನ್ಯವಾದ. ಪಲ್ಲವಿ ಇಟ್ಟುಕೊಳ್ಳುತ್ತೇನೆ. ಫ್ಲೆಕ್ಸ್ ಸಾಲು ಹೀಗಿದೆ: ‘ಚಿತ್ರದೊಳಗಿನ ಪಲ್ಲವಿ: ದುಡಿ, ಮಳೆ, ಕೋಟೆ’. ಹಾಡಿನ ಕಾರ್ಯಕ್ರಮ ಅಂತ ಯಾರೂ ತಪ್ಪು ತಿಳಿಯಬಾರದು. ಅದಕ್ಕೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಮತ್ತೆ ಮತ್ತೆ ಬರುವ ನೋಟ, ಸದ್ದು’ ಅಂತ ಸೇರಿಸಿದ್ದೇನೆ. ಈ ಎರಡನೇ ಸಾಲಿಗೆ ಇನ್ನೂ ಚಿಕ್ಕದು ಹೊಳೆದರೆ ನಾಳೆ ಮಧ್ಯಾಹ್ನದೊಳಗೆ ಬರೆಯಿರಿ.